ಮುಳ್ಳುನೆಲದಲ್ಲಿ ಸೈಕಲ್ ಟೈರಿನ ಪಂಕ್ಚರ್ ತಡೆ

ಮುಳ್ಳುನೆಲದಲ್ಲಿ ಸೈಕಲ್ ಟೈರಿನ ಪಂಕ್ಚರ್ ತಡೆ: ಜಾಲಿ, ಈಚಲು, ಎಲಚಿ, ನೆಗ್ಗಿಲು ಮೊದಲಾದ ಗಿಡಗಳ ಮುಳ್ಳು ಟೈರನ್ನು ತೂರಿ ಗಾಳಿ ಇಳಿಸದಂತೆ, ತೂರಿದರೂ ಸವಾರಿ ನಿಲ್ಲದಂತೆ ನೋಡಿಕೊಳ್ಳುವ ಕ್ರಮಗಳು. ಗುಡ್ಡಗಾಡಿನ ಓಡಾಟಕ್ಕೆಂದು ರೂಪುಗೊಂಡ ದಪ್ಪ ಟೈರಿನ ಸೈಕಲ್ಲುಗಳಿಗೆ ಈ ತೊಂದರೆ ಹೆಚ್ಚು. ಡಾಂಬರು ಬಿಟ್ಟು ಕಾಲುದಾರಿ, ಕೆರೆಯ ಏರಿ, ಬೇಲಿಯ ಪಕ್ಕ ಸಾಗುವುದೇ ಅವುಗಳ ಕೆಲಸ. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದ ಸುತ್ತಮುತ್ತ ಈ ಬಗೆಯ ಸೈಕಲ್ಲಿಗೆ ರೇಂಜರ್ ಸೈಕಲ್, ಗೇರ್ ಸೈಕಲ್ ಎಂಬ ಹೆಸರುಗಳಿವೆ. ಶಾಲೆಗೆ ಹೋಗುವ ಮಕ್ಕಳ ಸೈಕಲ್ಲು, ಹಾಲಿನ ಕ್ಯಾನು ಹೊರುವ 28 ಅಂಗುಲದ ಕರಿ ಸೈಕಲ್ಲು, ಟೈರ್ ಗಾಡಿ ಎಲ್ಲಕ್ಕೂ ಇದೇ ಮುಳ್ಳಿನ ಕಾಟ. ತಡೆಯ ವಿಧಾನಗಳು ಹತ್ತಾರಿದ್ದರೂ ಅವೆಲ್ಲ ನಿಂತಿರುವುದು ಒಂದೇ ಲೆಕ್ಕದ ಮೇಲೆ: ಮುಳ್ಳಿನ ಉದ್ದ ಎಷ್ಟು, ಮುಳ್ಳಿನ ತುದಿಗೂ ಗಾಳಿಗೂ ನಡುವೆ ಇರುವ ಪದರದ ದಪ್ಪ ಎಷ್ಟು. ಗಿಡ್ಡ ಮುಳ್ಳನ್ನು ಪದರದಿಂದ ತಡೆಯಬಹುದು. ನಡುವಣ ಉದ್ದದ ಮುಳ್ಳು ತೂರಿದ ಮೇಲೆ ರಂಧ್ರವನ್ನು ಮುಚ್ಚಬಹುದು. ಉದ್ದ ಮುಳ್ಳಿನಿಂದ ಚಕ್ರವನ್ನೇ ದೂರ ಇಡಬೇಕು.

ನೆಲ ಮತ್ತು ಹಾದಿ

ಮಾಯಸಂದ್ರ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ನಾಲ್ಕು ಹೋಬಳಿ ಕೇಂದ್ರಗಳಲ್ಲಿ ಒಂದು. ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳೊಡನೆ ಸೇರಿ ಈ ಸೀಮೆ ಕೊಬ್ಬರಿಗೆ ಹೆಸರಾಗಿದ್ದು, ಕಲ್ಪತರು ನಾಡು ಎನಿಸಿಕೊಂಡಿದೆ. ವರ್ಷದ ಮಳೆ ಸುಮಾರು 600ರಿಂದ 700 ಮಿ.ಮೀ. ಮಣ್ಣು ಬಹುಮಟ್ಟಿಗೆ ಮರಳು ಬೆರೆತ ಕೆಂಪು. ತೆಂಗಿನ ತೋಟ, ರಾಗಿ ಹೊಲ, ಕೆರೆ, ಗೋಮಾಳ, ಅಲ್ಲಲ್ಲಿ ಕಲ್ಲುಗುಡ್ಡ ಇವು ಒಂದರ ಪಕ್ಕ ಒಂದು ಹರಡಿಕೊಂಡಿವೆ.

ತೆಂಗಿಗೆ ಮುಳ್ಳಿಲ್ಲ. ತೋಟದೊಳಗಿನ ಹಾದಿಯಲ್ಲಿ ಒಣಸೋಗೆ, ಮಟ್ಟೆ, ಕುರುಂಬೆ ಬಿದ್ದಿದ್ದರೂ ಅವು ಟೈರನ್ನು ಚುಚ್ಚುವುದಿಲ್ಲ. ಮುಳ್ಳು ಬರುವುದು ತೋಟದ ಅಂಚಿನಿಂದ, ಬೇಲಿಯಿಂದ, ಬದುವಿನಿಂದ, ಕೆರೆಯ ಅಂಗಳದಿಂದ. ಹೇಮಾವತಿ ನಾಲೆಯ ಪಕ್ಕದ ಮಣ್ಣುರಸ್ತೆ, ಮಲ್ಲಾಘಟ್ಟದಂಥ ದೊಡ್ಡ ಕೆರೆಗಳ ಏರಿ ಸೈಕಲ್ ಸವಾರಿಗೆ ಒಳ್ಳೆಯ ಹಾದಿಗಳು. ವಾಹನದ ಕಾಟ ಕಡಿಮೆ, ಏರಿಳಿತವೂ ಹಿತ. ಆದರೆ ಏರಿಯ ಇಳಿಜಾರಿನಲ್ಲಿ, ಕೆರೆಯಂಗಳದಲ್ಲಿ ಬೆಳೆದ ಜಾಲಿಯ ಮುಳ್ಳು ಗಾಳಿಗೆ, ನೀರಿಗೆ ಈ ಹಾದಿಗೇ ಬಂದು ಬೀಳುತ್ತದೆ. ಚಿಕ್ಕನಾಯಕನಹಳ್ಳಿ, ಹುಳಿಯಾರಿನತ್ತ ಹೋದಂತೆ ನೆಲ ಒಣಗುತ್ತದೆ, ಕುರುಚಲು ಹೆಚ್ಚುತ್ತದೆ. ಮದಲಿಂಗನ ಕಣಿವೆಯ ಗುಡ್ಡಸಾಲು ಇಂಥ ಕುರುಚಲು ಕಾಡಿನದು. ಅದರಾಚೆ ಶಿರಾ ಕಡೆಗಿರುವ ಬುಕ್ಕಾಪಟ್ಟಣದ ಮುಳ್ಳುಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿತವಾಗಿದ್ದು, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸೈಕಲ್ ಸವಾರಿ ಸಲ್ಲದು.

ಮುಳ್ಳಿನ ಬಗೆಗಳು

ಕರಿಜಾಲಿ: ವಾಚೆಲಿಯ ನಿಲೋಟಿಕ. ಗೊಬ್ಬಳಿ ಎಂದೂ ಹೆಸರು. ಎಲೆಯ ಬುಡದಲ್ಲಿ ಜೋಡಿಯಾಗಿ ಹುಟ್ಟುವ ಬಿಳಿಬಣ್ಣದ ನೇರ ಮುಳ್ಳು ಎಳೆಯ ಗಿಡದಲ್ಲಿ 5 ಸೆಂ.ಮೀ. ಮೀರುವುದುಂಟು. ಮರ ಬಲಿತಂತೆ ಮುಳ್ಳು ಕಡಿಮೆಯಾಗುತ್ತದೆ. ಸಾಮಾಜಿಕ ಅರಣ್ಯ ಯೋಜನೆಗಳಲ್ಲಿ ಕೆರೆಯಂಗಳಗಳಲ್ಲಿ ಹೇರಳವಾಗಿ ಬೆಳೆಸಿದ್ದರಿಂದ ಈ ಸೀಮೆಯ ಟೈರುಗಳ ಮುಖ್ಯ ಶತ್ರು ಇದೇ. ಹಸಿಮುಳ್ಳು ತುಸು ಬಾಗುತ್ತದೆ. ಒಣಗಿದ್ದು ಬಾಗದೆ ತೂರಿ, ತುದಿ ಮುರಿದು ರಬ್ಬರಿನಲ್ಲೇ ಉಳಿಯುತ್ತದೆ.

ಬಳ್ಳಾರಿ ಜಾಲಿ: ಪ್ರೊಸೋಪಿಸ್ ಜೂಲಿಫ್ಲೋರ. ಅಮೆರಿಕ ಖಂಡದಿಂದ ಬಂದ ಗಿಡ. 1877ರ ಸುಮಾರಿಗೆ ಮದ್ರಾಸ್ ಪ್ರಾಂತ್ಯದ ಕಡಪ ಸೀಮೆಯಲ್ಲಿ ಸೌದೆಗೆಂದು ನೆಡಲಾಯಿತು. ಕಾಯಿ ಸಿಹಿ, ದನ, ಮೇಕೆ ತಿಂದು ಸಗಣಿ, ಹಿಕ್ಕೆಯ ಮೂಲಕ ಬೀಜ ಹರಡುತ್ತವೆ. ಮುಳ್ಳು 1ರಿಂದ 5 ಸೆಂ.ಮೀ. ಉದ್ದ, ಬಲು ಗಟ್ಟಿ. ಶಿರಾ, ಪಾವಗಡ, ಬಳ್ಳಾರಿ, ರಾಯಚೂರು, ವಿಜಯಪುರದ ಹಾದಿಗಳಲ್ಲಿ ಇದರದೇ ಕಾರುಬಾರು.

ಈಚಲು: ಫೀನಿಕ್ಸ್ ಸಿಲ್ವೆಸ್ಟ್ರಿಸ್. ಗರಿಯ ಬುಡದ ಎಲೆಗಳು ಮುಳ್ಳಾಗಿ ಮಾರ್ಪಟ್ಟಿರುತ್ತವೆ. ಸೂಜಿಯಂತೆ ಮೊನಚು, ಬೆರಳುದ್ದ. ಹಳ್ಳದ ದಂಡೆ, ಕೆರೆಯ ಹಿಂಭಾಗದಲ್ಲಿ ಬೆಳೆಯುತ್ತದೆ. ಪೊರಕೆ ಕಟ್ಟುವವರು ಗರಿ ಕೊಯ್ದು ಬುಡದ ಮುಳ್ಳು ಸವರಿ ಹಾಕಿದ ಜಾಗ ಸೈಕಲ್ಲಿಗೆ ಅಪಾಯದ್ದು.

ಎಲಚಿ, ಕಾರೆ: ಎಲಚಿಯ ಮುಳ್ಳು ಗಿಡ್ಡ, ಕೆಲವು ಕೊಕ್ಕೆಯಂತೆ ಬಾಗಿರುತ್ತವೆ, ಒಂದು ಸೆಂ.ಮೀ.ಗಿಂತ ಕಡಿಮೆ. ಕಾರೆಯ ಮುಳ್ಳು ನೇರ, ಎದುರುಬದುರು ಜೋಡಿ. ಇವೆರಡೂ ಗೋಮಾಳ, ಬದು, ಗುಡ್ಡದ ಅಂಚಿನ ಪೊದೆಗಳು.

ನೆಗ್ಗಿಲು: ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಆಯುರ್ವೇದದ ಗೋಕ್ಷುರ. ನೆಲಕ್ಕಂಟಿ ಹಬ್ಬುವ ಗಿಡ, ಹಳದಿ ಹೂವಿಗೆ ಐದು ದಳ. ಕಾಯಿ ಬಲಿತಾಗ ಐದು ಹೋಳಾಗಿ ಒಡೆಯುತ್ತದೆ. ಪ್ರತಿ ಹೋಳಿಗೂ ಎರಡು ದೊಡ್ಡ, ಎರಡು ಸಣ್ಣ ಮುಳ್ಳು. ಹೇಗೆ ಬಿದ್ದರೂ ಒಂದಾದರೂ ಮೇಲ್ಮುಖವಾಗಿ ನಿಲ್ಲುತ್ತದೆ. ಮುಳ್ಳಿನ ಉದ್ದ ಅರ್ಧ ಸೆಂ.ಮೀ. ಆಸುಪಾಸು. ಉದ್ದದಲ್ಲಿ ಎಲ್ಲಕ್ಕಿಂತ ಚಿಕ್ಕದಾದರೂ ಸಂಖ್ಯೆಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಒಂದು ಗಿಡದ ಮೇಲೆ ಹಾದ ಚಕ್ರಕ್ಕೆ ಹತ್ತಿಪ್ಪತ್ತು ಒಟ್ಟಿಗೆ ಕಚ್ಚಿಕೊಳ್ಳುವುದು ಸಾಮಾನ್ಯ.

ಮುಳ್ಳು ಹಾದಿಗೆ ಬರುವ ಬಗೆ

ಹಾದಿಯಲ್ಲಿ ಮುಳ್ಳು ಬೀಳುವುದಕ್ಕೆ ಗಿಡಕ್ಕಿಂತ ಮನುಷ್ಯನ ಕೆಲಸವೇ ಹೆಚ್ಚು ಕಾರಣ, ಆ ಕೆಲಸಕ್ಕೆ ಕಾಲದ ಗೊತ್ತೂ ಉಂಟು. ಎಳೆಯ ತೆಂಗಿನ ಸಸಿಗೆ ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಹೊದಿಸುತ್ತಾರೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಹೊಲದ ಕಂಡಿಗಳನ್ನು ಒಣಮುಳ್ಳಿನಿಂದ ಮುಚ್ಚುತ್ತಾರೆ. ಕೊಯ್ಲು ಮುಗಿದು ಬಣವೆ ಒಟ್ಟಿದ ಮೇಲೆ ಅದರ ಸುತ್ತಲೂ ಮುಳ್ಳೇ ಕಾವಲು. ಕುರಿ ಕೂಡುವ ರೊಪ್ಪಕ್ಕೂ ಅದೇ ಬೇಲಿ. ಈ ಮುಳ್ಳನ್ನೆಲ್ಲ ಕಡಿದು, ಕಂತೆ ಕಟ್ಟಿ, ಎಳೆದು ತರುವುದು ಸೈಕಲ್ ಓಡುವ ದಾರಿಯಲ್ಲೇ. ಎಳೆದ ಜಾಡಿನಲ್ಲಿ ಉದುರಿದ್ದು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ.

ಬೇಸಗೆಯಲ್ಲಿ ಮೇವು ಕಡಿಮೆಯಾದಾಗ ಮೇಕೆ ಕಾಯುವವರು ಜಾಲಿಯ ಕೊಂಬೆ ಸವರಿ ಕೆಡಹುತ್ತಾರೆ. ಸೊಪ್ಪು, ಕಾಯಿ ಮೇಕೆಯ ಹೊಟ್ಟೆ ಸೇರುತ್ತದೆ, ಮುಳ್ಳುಕೊಂಬೆ ಮರದಡಿಯ ದಾರಿಯಲ್ಲಿ ಉಳಿಯುತ್ತದೆ. ಅದೇ ಹೊತ್ತಿಗೆ ಕೆರೆ ಬತ್ತಿ, ಗೋಡನ್ನು ಟ್ರ್ಯಾಕ್ಟರಿನಲ್ಲಿ ತೋಟಕ್ಕೆ ಹೊಡೆಯುವ ಕೆಲಸ ನಡೆಯುತ್ತದೆ. ಜಾಲಿ ಬೆಳೆದ ಕೆರೆಯಂಗಳದ ಗೋಡಿನಲ್ಲಿ ಮುಳ್ಳು ಬೆರೆತಿರುತ್ತದೆ. ಟ್ರೈಲರಿನಿಂದ ಉದುರಿದ ಗೋಡು ಪುಡಿಯಾಗಿ ಗಾಳಿಗೆ ಹಾರಿದ ಮೇಲೂ ಮುಳ್ಳು ರಸ್ತೆಯ ಅಂಚಿನಲ್ಲಿ ಉಳಿಯುತ್ತದೆ. ಏರಿಯ ಮೇಲಿನ, ನಾಲೆಯ ಬದಿಯ ಜಂಗಲ್ ಕಡಿಸಿದ ಮೇಲೂ ಇದೇ ಕತೆ. ನೆಗ್ಗಿಲಿಗೆ ಮಾತ್ರ ಮಳೆಗಾಲವೇ ಆಧಾರ: ಮುಂಗಾರಿನಲ್ಲಿ ಹುಟ್ಟಿ, ಹಿಂಗಾರಿನ ಹೊತ್ತಿಗೆ ಕಾಯಿ ಬಲಿತು, ಗಿಡ ಒಣಗಿದ ಮೇಲೆ ಕಾಯಿಹೋಳುಗಳು ಮುಂದಿನ ಬೇಸಗೆಯವರೆಗೂ ನೆಲದ ಮೇಲಿರುತ್ತವೆ. ಹೀಗಾಗಿ ಕಾರ್ತಿಕದಿಂದ ಯುಗಾದಿಯ ಆಚೆಯವರೆಗೆ ಪಂಕ್ಚರಿನ ಕಾಲ.

ಚುಚ್ಚುವ ಕ್ರಿಯೆ

ಮುಳ್ಳು ಟೈರಿಗೆ ತಾಗಿದ ಕ್ಷಣವೇ ಟ್ಯೂಬನ್ನು ಮುಟ್ಟುವುದು ಅಪರೂಪ. ಮೊದಲ ಸುತ್ತಿನಲ್ಲಿ ರಬ್ಬರಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಚಕ್ರ ಸುತ್ತಿದಂತೆಲ್ಲ ನೆಲ ಅದನ್ನು ಒಳಕ್ಕೆ ತಳ್ಳುತ್ತದೆ. 26 ಅಂಗುಲದ ದಪ್ಪ ಟೈರಿನ ಸುತ್ತಳತೆ ಸುಮಾರು 2.07 ಮೀಟರ್. ಅಂದರೆ ಒಂದು ಕಿಲೋಮೀಟರಿನಲ್ಲಿ ಚಕ್ರ ಸುಮಾರು 480 ಸಲ ಸುತ್ತುತ್ತದೆ, ಕಚ್ಚಿಕೊಂಡ ಮುಳ್ಳಿಗೆ ಅಷ್ಟೇ ಏಟು ಬೀಳುತ್ತದೆ. ಹಾಗಾಗಿ ಗೋಮಾಳದಲ್ಲಿ ಕಚ್ಚಿದ ಮುಳ್ಳು ಊರಿನ ಡಾಂಬರು ರಸ್ತೆಯಲ್ಲಿ ಗಾಳಿ ಇಳಿಸುವುದುಂಟು.

ಗುಡ್ಡಗಾಡಿನ ಟೈರು ನೋಡಲು ದಪ್ಪ. ಆ ದಪ್ಪ ಗುಬಟುಗಳಲ್ಲಿ ಮಾತ್ರ. ಗುಬಟುಗಳ ನಡುವಿನ ತಗ್ಗಿನಲ್ಲಿ ರಬ್ಬರು ಮತ್ತು ನೂಲಿನ ಪದರ ಸೇರಿ ಎರಡು ಮಿ.ಮೀ. ಆಸುಪಾಸು, ಪಕ್ಕೆಯಲ್ಲಿ ಅದಕ್ಕಿಂತ ತೆಳು. ಮುಳ್ಳು ತೂರುವುದು ಈ ತಗ್ಗುಗಳಲ್ಲಿ. ಒಳಗಿನ ಸಾಮಾನ್ಯ ಟ್ಯೂಬಿನ ಗೋಡೆ ಒಂದು ಮಿ.ಮೀ.ಗಿಂತ ಕಡಿಮೆ. ಅರ್ಧ ಸೆಂ.ಮೀ. ನೆಗ್ಗಿಲ ಮುಳ್ಳು ಇಷ್ಟನ್ನು ದಾಟಲು ಸಾಕಾಗುತ್ತದೆ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಹಿಂದಿನ ಚಕ್ರಕ್ಕೆ ಪಂಕ್ಚರ್ ಹೆಚ್ಚು. ಸವಾರನ ಭಾರದ ಹೆಚ್ಚು ಪಾಲು ಅದರ ಮೇಲಿರುತ್ತದೆ. ಜೊತೆಗೆ ಅಡ್ಡ ಮಲಗಿದ್ದ ಮುಳ್ಳನ್ನು ಮುಂದಿನ ಚಕ್ರ ಎಬ್ಬಿಸಿ ಬಿಡುವುದೂ ಒಂದು ಕಾರಣ. ಮುಳ್ಳಿನ ರಂಧ್ರ ಒಂದೇ, ಸೂಜಿಮೊನೆಯಷ್ಟು. ಗಾಳಿ ನಿಧಾನವಾಗಿ ಇಳಿಯುತ್ತದೆ. ಅಕ್ಕಪಕ್ಕ ಎರಡು ಸೀಳು ಕಂಡರೆ ಅದು ಮುಳ್ಳಲ್ಲ; ಗಾಳಿ ಕಡಿಮೆಯಿದ್ದಾಗ ಕಲ್ಲಿಗೆ ಬಡಿದು ರಿಮ್ಮಿನ ಅಂಚಿಗೆ ಟ್ಯೂಬು ಸಿಕ್ಕಿಕೊಂಡದ್ದು. ಟ್ಯೂಬಿನ ಒಳಮೈಯಲ್ಲಿ ರಂಧ್ರವಿದ್ದರೆ ಚಕ್ರದ ಕಡ್ಡಿಯ ತುದಿ ಅಥವಾ ಸರಿದ ರಿಮ್ ಟೇಪು ಕಾರಣ. ತಡೆಯ ವಿಧಾನ ಆರಿಸುವ ಮೊದಲು ಈ ಮೂರನ್ನು ಬೇರ್ಪಡಿಸಿಕೊಳ್ಳಬೇಕು.

ಚಾರಿತ್ರಿಕ ಹಿನ್ನೆಲೆ

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಹಕ್ಕುಪತ್ರ ಪಡೆದಿದ್ದ, ಬಳಕೆಗೆ ಬರಲಿಲ್ಲ. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆಂದು ಮಾಡಿ, 1888ರಲ್ಲಿ ಹಕ್ಕುಪತ್ರ ಪಡೆದ ಟೈರು ಜಗತ್ತಿಗೆ ಹರಡಿತು. ಪಂಕ್ಚರ್ ಎಂಬ ತೊಂದರೆ ಹುಟ್ಟಿದ್ದೂ ಅದರೊಂದಿಗೇ. ಆ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರಿಂದ ದುರಸ್ತಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಫ್ರಾನ್ಸಿನ ಮಿಶಲಾನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕಬಹುದಾದ ಟೈರನ್ನು ತಂದರು. ಅದೇ ವರ್ಷದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆಯನ್ನು ಆ ಟೈರಿನ ಮೇಲೆ ಶಾರ್ಲ್ ತೆರೋ ಗೆದ್ದ ಮೇಲೆ ಅದು ಮನೆಮಾತಾಯಿತು.

ಭಾರತದಲ್ಲಿ ಡನ್‌ಲಪ್ ಕಾರ್ಖಾನೆ 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಶುರುವಾಯಿತು. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಸೈಕಲ್ ತಯಾರಿಕೆಗೆ ಇಳಿದವು. ಹಳ್ಳಿಗಳಿಗೆ ಬಂದ ಕರಿ ಸೈಕಲ್ಲಿನ ಟೈರು 28 × 1½ ಅಂಗುಲದ್ದು, ರಿಮ್ಮಿನ ಅಳತೆ 635 ಮಿ.ಮೀ. ಕರ್ನಾಟಕದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ ಆರಂಭವಾದ ಮೇಲೆ ಹಳ್ಳಿಯಿಂದ ಹೋಬಳಿ ಶಾಲೆಗೆ ಹೋಗುವ ದಾರಿಗಳಲ್ಲಿ ಸೈಕಲ್ಲುಗಳು ಹೆಚ್ಚಿದವು. ಗುಡ್ಡಗಾಡಿನ ಸೈಕಲ್ಲು 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರೀನ್ ಪ್ರಾಂತ್ಯದಲ್ಲಿ ರೂಪುಗೊಂಡು, 1996ರ ಅಟ್ಲಾಂಟ ಒಲಿಂಪಿಕ್ಸಿಗೆ ಸೇರಿತು. ಬೆಂಗಳೂರಿನ ಸವಾರರಿಗೆ ತುರಹಳ್ಳಿಯ ಕುರುಚಲು ಕಾಡು ಈ ಸವಾರಿಯ ತಾಣ. ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ರಸ್ತೆ ಅಭ್ಯಾಸಕ್ಕೂ ಬಳ್ಳಾರಿ ಜಾಲಿಯ ಕಾಟ ತಪ್ಪಿದ್ದಲ್ಲ.

ತಡೆಯ ವಿಧಾನಗಳು

ಗಟ್ಟಿ ಪಟ್ಟಿಯ ಟೈರು: ನಡುಮೈಯ ರಬ್ಬರಿನ ಅಡಿ ಹೆಚ್ಚುವರಿ ಪಟ್ಟಿ ಸೇರಿಸಿದ ಟೈರುಗಳಲ್ಲಿ ಎರಡು ಜಾತಿ. ಮೊದಲನೆಯದು ಕೆವ್ಲಾರ್ ಮೊದಲಾದ ಗಟ್ಟಿ ನೂಲಿನ ನೇಯ್ಗೆ. ಕೆವ್ಲಾರನ್ನು 1965ರಲ್ಲಿ ಡ್ಯುಪಾಂಟ್ ಸಂಸ್ಥೆಯ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದರು. ಗಾಜು, ತಗಡು ಕೊಯ್ಯದಂತೆ ಈ ನೇಯ್ಗೆ ಚೆನ್ನಾಗಿ ತಡೆಯುತ್ತದೆ. ಆದರೆ ಸೂಜಿಯಂಥ ಮುಳ್ಳು ಎಳೆಗಳನ್ನು ಕೊಯ್ಯುವುದಿಲ್ಲ, ಸರಿಸಿಕೊಂಡು ನಡುವೆ ನುಗ್ಗುತ್ತದೆ. ನಗರದಲ್ಲಿ ಮೆಚ್ಚುಗೆ ಪಡೆದ ಟೈರು ಗೋಮಾಳದಲ್ಲಿ ಸೋಲುವುದು ಇದರಿಂದ. ಎರಡನೆಯದು ದಪ್ಪ, ಮೆತ್ತನೆಯ ರಬ್ಬರಿನ ಪಟ್ಟಿ. ಶ್ವಾಲ್ಬೆ ಸಂಸ್ಥೆಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಇದು 5 ಮಿ.ಮೀ. ದಪ್ಪ ಇರುತ್ತದೆ. ನೆಗ್ಗಿಲು, ಎಲಚಿಯ ಮುಳ್ಳು ಇದರಲ್ಲೇ ಮುಗಿದುಹೋಗುತ್ತದೆ. ಬೆಲೆ, ತೂಕ ಎರಡೂ ಜಾಸ್ತಿ. ಅಂಗುಲಕ್ಕೆ ಎಳೆಗಳ ಸಂಖ್ಯೆ ಹೆಚ್ಚಿದ್ದಷ್ಟೂ ಟೈರು ಒಳ್ಳೆಯದೆಂಬ ಮಾತು ರೇಸಿಗೆ ಸಲ್ಲುತ್ತದೆ. ಮುಳ್ಳುನೆಲಕ್ಕೆ ಕಡಿಮೆ ಎಳೆಯ, ಹೆಚ್ಚು ರಬ್ಬರಿನ ದಪ್ಪ ಮೈಯೇ ಮೇಲು.

ಒಳಪಟ್ಟಿ: ಟೈರಿಗೂ ಟ್ಯೂಬಿಗೂ ನಡುವೆ ಹಾಸುವ ಪಟ್ಟಿ. ಪ್ಲಾಸ್ಟಿಕ್ಕಿನ ಸಿದ್ಧ ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ. ಹಳ್ಳಿಯ ಸೈಕಲ್ ಅಂಗಡಿಗಳಲ್ಲಿ ಸವೆದ ಟೈರಿನ ಅಂಚಿನ ತಂತಿ ಕತ್ತರಿಸಿ ತೆಗೆದು, ನಡುಮೈಯನ್ನಷ್ಟೇ ಒಳಗೆ ಹಾಸುವುದು ಹಳೆಯ ಪದ್ಧತಿ. ಹಳೆ ಟ್ಯೂಬನ್ನು ಸೀಳಿ ಹಾಸುವುದೂ ಉಂಟು. ಜಾಲಿ ಮುಳ್ಳಿಗೆ ಹೆದರಿ ಟೈರಿನ ಅಟ್ಟೆ ಹಾಕಿದ ಮೆಟ್ಟು ತೊಡುವ ಊರಿನಲ್ಲಿ ಸೈಕಲ್ಲಿಗೂ ಅದೇ ಉಪಾಯ. ಇದರಲ್ಲಿ ಕೆಲಸದ ಅಚ್ಚುಕಟ್ಟು ಮುಖ್ಯ. ಪಟ್ಟಿಯ ತುದಿ ಚೂಪಾಗಿ ಉಳಿದರೆ ಅದೇ ಟ್ಯೂಬನ್ನು ತಿಕ್ಕಿ ತೂತು ಮಾಡುತ್ತದೆ. ತುದಿಗಳನ್ನು ದುಂಡಗೆ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ತೆಳುಮಾಡಿ, ಒಂದರ ಮೇಲೊಂದು ಎರಡು ಅಂಗುಲ ಕೂರುವಂತೆ ಇಟ್ಟು, ಪೌಡರ್ ಉದುರಿಸಿ ಟ್ಯೂಬು ಹಾಕಬೇಕು. ಪಟ್ಟಿ ನಡುಮೈಯನ್ನು ಕಾಯುತ್ತದೆಯೇ ಹೊರತು ಪಕ್ಕೆಯನ್ನಲ್ಲ. ಬೇಲಿಗೆ ಒರಸಿಕೊಂಡು ಹೋಗುವ ಸವಾರನಿಗೆ ಅದರ ರಕ್ಷೆ ಅರ್ಧ ಮಾತ್ರ.

ದಪ್ಪ ಟ್ಯೂಬು: ನೆಲದ ಕಡೆಯ ಗೋಡೆ ಮೂರು ನಾಲ್ಕು ಮಿ.ಮೀ. ದಪ್ಪ ಇರುವ ಟ್ಯೂಬು. ಸಾಮಾನ್ಯ ಟ್ಯೂಬಿನ ಎರಡು ಮೂರರಷ್ಟು ತೂಕ. ತುಳಿಯಲು ಭಾರವೆನಿಸಿದರೂ ಭಾರ ಹೊರುವ ಸೈಕಲ್ಲಿಗೆ ಒಗ್ಗುತ್ತದೆ.

ಟ್ಯೂಬಿನೊಳಗೆ ದ್ರವ: ನಾರು, ರಬ್ಬರಿನ ಪುಡಿ ಬೆರೆತ ಗ್ಲೈಕಾಲ್ ದ್ರವವನ್ನು ಟ್ಯೂಬಿನೊಳಗೆ ಹಾಕಿದರೆ, ಚಕ್ರ ಸುತ್ತುವಾಗ ಅದು ಹೊರಮೈಗೆ ಹರಡಿ, ರಂಧ್ರವಾದಾಗ ಗಾಳಿಯ ಜೊತೆ ನುಗ್ಗಿ ನಾರು ಸಿಕ್ಕಿಕೊಂಡು ಬಿಗಿಯುತ್ತದೆ. ಜಾಲಿ ಮುಳ್ಳಿನ ಸೂಜಿರಂಧ್ರಕ್ಕೆ ಇದು ತಕ್ಕ ಮದ್ದು. ಬೈಕಿನಂಥ ದಪ್ಪ ವಾಲ್ವಿನ ಟ್ಯೂಬಾದರೆ ಒಳಗಿನ ಪಿನ್ನು ತಿರುಗಿಸಿ ತೆಗೆದು ದ್ರವ ಹಾಕಬಹುದು. ಕರಿ ಸೈಕಲ್ಲಿನ ಹಳೆ ಮಾದರಿ ವಾಲ್ವಿನಲ್ಲಿ ಇಡೀ ಪಿನ್ನೇ ಹೊರಬರುವುದರಿಂದ ದ್ರವ ಹಾಕುವುದು ಇನ್ನೂ ಸುಲಭ. ಆದರೆ ಪಿನ್ನಿನ ಮೇಲಿನ ವಾಲ್ ಟ್ಯೂಬಿಗೆ ದ್ರವ ಅಂಟಿ ಗಾಳಿ ಹೋಗದಂತಾಗುವುದುಂಟು. ದ್ರವ ಚಕ್ರದ ತಳದಲ್ಲಿ ನಿಲ್ಲುವುದರಿಂದ ಗಾಳಿ ಹೊಡೆಯುವಾಗ ವಾಲ್ವನ್ನು ಕೆಳಗಿಡದೆ ಪಕ್ಕಕ್ಕೆ ತಿರುಗಿಸಿಕೊಂಡರೆ ಈ ತೊಡಕು ತಪ್ಪುತ್ತದೆ. ದ್ರವ ಸೋರಿದ ಟ್ಯೂಬಿನ ಮೇಲೆ ಪ್ಯಾಚು ಕೂರಬೇಕಾದರೆ ಮೊದಲು ಚೆನ್ನಾಗಿ ಒರಸಿ ಒಣಗಿಸಬೇಕು.

ಟ್ಯೂಬ್‌ಲೆಸ್: ಮಾವಿಕ್, ಹಚಿನ್‌ಸನ್, ಮಿಶಲಾನ್ ಸಂಸ್ಥೆಗಳು ಸೇರಿ 1999ರಲ್ಲಿ ಗುಡ್ಡಗಾಡಿನ ಸೈಕಲ್ಲಿಗೆ ಈ ಪದ್ಧತಿ ತಂದವು. ಟ್ಯೂಬಿಲ್ಲ, ರಿಮ್ಮಿಗೆ ಗಾಳಿ ಸೋರದ ಟೇಪು ಸುತ್ತಿ, ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಕೂರುವಂತೆ ಮಾಡಿ, ಒಳಗೆ ರಬ್ಬರ್ ಹಾಲಿನ ದ್ರವ ಹಾಕುತ್ತಾರೆ. ಟೈರಿನ ಗಾತ್ರಕ್ಕೆ ತಕ್ಕಂತೆ 60ರಿಂದ 120 ಮಿ.ಲೀ. ಬೇಕಾಗುತ್ತದೆ. ರಂಧ್ರದಲ್ಲಿ ಗಾಳಿ ತಾಗಿದೊಡನೆ ರಬ್ಬರ್ ಹಾಲು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹತ್ತಾರು ನೆಗ್ಗಿಲ ಮುಳ್ಳು ಒಟ್ಟಿಗೆ ಚುಚ್ಚಿದರೂ ನಿಲ್ಲದೆ ಸಾಗಬಹುದಾದ ಪದ್ಧತಿ ಇದು. ಇದರ ಕೊರತೆ ಬಿಸಿಲು. ತಂಪುದೇಶದಲ್ಲಿ ಆರು ತಿಂಗಳು ಬರುವ ದ್ರವ ಇಲ್ಲಿನ ಬೇಸಗೆಯಲ್ಲಿ ಎರಡು ಮೂರು ತಿಂಗಳಲ್ಲೇ ಒಣಗಿ ಸಿಪ್ಪೆಯಾಗುತ್ತದೆ. ಚಕ್ರವನ್ನು ಕಿವಿಯ ಹತ್ತಿರ ಅಲುಗಿಸಿದಾಗ ಗುಳಗುಳ ಸದ್ದು ಬಾರದಿದ್ದರೆ ದ್ರವ ತೀರಿದೆ ಎಂದರ್ಥ. ಇದಕ್ಕೆ ಹೊಂದುವ ರಿಮ್ಮು, ಟೈರು ಎರಡೂ ಬೇಕಾಗುವುದರಿಂದ ಕಡಿಮೆ ಬೆಲೆಯ ಸೈಕಲ್ಲುಗಳಿಗೆ ಒಗ್ಗುವುದಿಲ್ಲ.

ಗಾಳಿಯಿಲ್ಲದ ಟೈರು: ಇಡೀ ಟೈರು ಗಟ್ಟಿ ಫೋಮು ಅಥವಾ ರಬ್ಬರಿನದು. ಯಾವ ಮುಳ್ಳಿಗೂ ಬಗ್ಗುವುದಿಲ್ಲ. ಕೈಗಾಡಿಗೆ ಸರಿಹೋಗುತ್ತದೆ, ಸೈಕಲ್ಲಿನಲ್ಲಿ ತುಳಿತ ಭಾರವಾಗಿ, ಕಲ್ಲುಹಾದಿಯ ಕುಲುಕಾಟವೆಲ್ಲ ಸವಾರನ ಬೆನ್ನಿಗೆ ಬರುತ್ತದೆ.

ಗಾಳಿಯ ಒತ್ತಡ

ನೆಲಕ್ಕೆ ತಾಗುವ ಟೈರಿನ ವಿಸ್ತಾರ ಭಾರ ಮತ್ತು ಒತ್ತಡದಿಂದ ನಿರ್ಧಾರವಾಗುತ್ತದೆ. ಹಿಂದಿನ ಚಕ್ರದ ಮೇಲೆ 54 ಕಿಲೋ ಭಾರವಿದ್ದು ಗಾಳಿ 40 ಪಿಎಸ್‌ಐ ಇದ್ದರೆ ತಾಗುವ ಜಾಗ ಸುಮಾರು 19 ಚದರ ಸೆಂ.ಮೀ.; 25 ಪಿಎಸ್‌ಐಗೆ ಇಳಿಸಿದರೆ ಸುಮಾರು 31. ಮೊದಲನೆಯದರಲ್ಲಿ ಟೈರು ಬಿಗಿಯಾಗಿದ್ದು, ಎದುರಾದ ಮುಳ್ಳಿನ ಮೇಲೆ ಒತ್ತಿ ಕೂರುತ್ತದೆ. ಎರಡನೆಯದರಲ್ಲಿ ಟೈರು ಬಾಗಿ ಮುಳ್ಳನ್ನು ಪಕ್ಕಕ್ಕೆ ಹೊರಳಿಸುವ ಸಾಧ್ಯತೆ ಹೆಚ್ಚು. ಆದರೆ ಟ್ಯೂಬಿದ್ದರೆ ಕಲ್ಲಿಗೆ ಬಡಿದು ಎರಡು ಸೀಳು ಬೀಳುವ ಅಪಾಯವೂ ಹೆಚ್ಚು. ಟ್ಯೂಬಿನ ದಪ್ಪ ಟೈರಿಗೆ 30ರಿಂದ 45, ಟ್ಯೂಬ್‌ಲೆಸ್ಸಿಗೆ 20ರಿಂದ 30 ಪಿಎಸ್‌ಐ ಸಾಮಾನ್ಯ. ಟೈರಿನ ಪಕ್ಕೆಯಲ್ಲಿ ಅಚ್ಚಾದ ಮಿತಿಯನ್ನು ಮೀರಬಾರದು. ಅಂಗಡಿಯಲ್ಲಿ ಬೈಕಿಗೆ ಹೊಡೆಯುವ ಕಂಪ್ರೆಸರಿನಿಂದ ಕಣ್ಣಳತೆಯಲ್ಲಿ ಗಾಳಿ ತುಂಬಿಸುವ ರೂಢಿ ಟೈರನ್ನು ಕಲ್ಲಿನಂತೆ ಬಿಗಿಮಾಡಿ ಮುಳ್ಳಿಗೆ ಒಡ್ಡುತ್ತದೆ.

ಸವಾರಿಯ ಜಾಣ್ಮೆ

ಉದ್ದ ಮುಳ್ಳಿಗೆ ಪದರವೂ ಸಾಲದು, ದ್ರವವೂ ನೆಚ್ಚಿಕೆಯದಲ್ಲ. ಬೆರಳುದ್ದದ ಈಚಲು ಮುಳ್ಳು ಟೈರು, ಪಟ್ಟಿ, ಟ್ಯೂಬಿನ ಎರಡೂ ಗೋಡೆಗಳನ್ನು ದಾಟಿ ರಿಮ್ ಟೇಪಿಗೆ ತಾಗಬಲ್ಲದು. ಇಲ್ಲಿ ಕಣ್ಣೇ ರಕ್ಷೆ. ಎತ್ತಿನ ಗಾಡಿ, ಟ್ರ್ಯಾಕ್ಟರಿನ ಚಕ್ರ ಸವೆಸಿದ ಜಾಡಿನ ನಡುವೆ ಹೋದರೆ ಮುಳ್ಳು ಕಡಿಮೆ. ಜಾಡಿನ ಅಂಚಿಗೆ, ಬೇಲಿಯ ನೆರಳಿಗೆ ಸರಿದರೆ ಹೆಚ್ಚು. ತೋಟದ ಬಾಗಿಲಿಗೆ ಅಡ್ಡ ಇಟ್ಟ ಮುಳ್ಳಿನ ಕಂತೆ ಸರಿಸಿದ ಜಾಗದಲ್ಲಿ ಇಳಿದು ಸೈಕಲ್ಲನ್ನು ಎತ್ತಿಕೊಂಡು ದಾಟುವುದು ಲೇಸು. ಮಳೆ ಬಂದ ಮಾರನೆಯ ದಿನ ಏರಿಯ ತಗ್ಗುಗಳಲ್ಲಿ ನೀರು ಕೊಚ್ಚಿ ತಂದ ಮುಳ್ಳು ಒಂದೆಡೆ ಗುಡ್ಡೆಯಾಗಿರುತ್ತದೆ.

ಮುಳ್ಳಿನ ಜಾಗ ದಾಟಿದ ಕೂಡಲೇ ನಿಂತು ಎರಡೂ ಚಕ್ರ ಸುತ್ತಿಸಿ ನೋಡಿ, ಕಚ್ಚಿಕೊಂಡದ್ದನ್ನು ಕೀಳುವ ಅಭ್ಯಾಸ ಎಲ್ಲ ಉಪಕರಣಕ್ಕಿಂತ ಅಗ್ಗ. ಮೊದಲ ಕೆಲವು ಸುತ್ತುಗಳಲ್ಲಿ ಕಿತ್ತರೆ ಮುಳ್ಳು ಇನ್ನೂ ರಬ್ಬರಿನಲ್ಲೇ ಇರುತ್ತದೆ. ಪೂರ್ತಿ ತೂರಿದೆ ಎನ್ನಿಸಿದ ಮುಳ್ಳಿನ ವಿಷಯ ಬೇರೆ. ದ್ರವವಿದ್ದರೆ ಮುಳ್ಳನ್ನು ಕಿತ್ತು, ರಂಧ್ರ ಕೆಳಗೆ ಬರುವಂತೆ ಚಕ್ರ ತಿರುಗಿಸಿ ಒಂದೆರಡು ನಿಮಿಷ ಬಿಡಬೇಕು. ಬರಿಯ ಟ್ಯೂಬಾಗಿದ್ದು ಪ್ಯಾಚು ಹಾಕುವ ಸಾಮಾನು ಕೈಯಲ್ಲಿಲ್ಲದಿದ್ದರೆ, ಕೀಳದೆ ಗಾಳಿ ಹೊಡೆದುಕೊಂಡು ಹತ್ತಿರದ ಅಂಗಡಿ ಮುಟ್ಟುವುದುಂಟು. ಮುಳ್ಳೇ ರಂಧ್ರಕ್ಕೆ ಬಿರಡೆ.

ದುರಸ್ತಿ ಮತ್ತು ಮರುಕಳಿಕೆ

ಮುಳ್ಳುನೆಲದ ಪಂಕ್ಚರಿನಲ್ಲಿ ಬಹಳಷ್ಟು ಹಿಂದಿನದರ ಮರುಕಳಿಕೆ. ಟ್ಯೂಬಿಗೆ ಪ್ಯಾಚು ಬಿದ್ದಿರುತ್ತದೆ, ಟೈರಿನಲ್ಲಿ ಮುರಿದ ತುದಿ ಉಳಿದಿರುತ್ತದೆ. ಪಳಗಿದ ಪಂಚರ್ ಅಂಗಡಿಯವರು ಟ್ಯೂಬಿನ ತೂತು ಸಿಕ್ಕಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದಿಲ್ಲ. ವಾಲ್ವಿನಿಂದ ತೂತು ಎಷ್ಟು ದೂರವಿದೆ ನೋಡಿ, ಟೈರಿನಲ್ಲಿ ಅಷ್ಟೇ ದೂರದ ಜಾಗ ಹುಡುಕಿ, ಒಳಮೈಯನ್ನು ಬಟ್ಟೆಯಿಂದ ಸವರುತ್ತಾರೆ. ಕೈಗೆ ಸಿಗದ ಮೊನೆಗೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಟೈರನ್ನು ಮಡಿಸಿ, ಹೊರಗಿನಿಂದ ಚಿಮಟದಲ್ಲಿ, ಬಾರದಿದ್ದರೆ ಒಳಗಿನಿಂದ ಪಿನ್ನಿನಲ್ಲಿ ತಳ್ಳಿ ತುದಿಯನ್ನು ತೆಗೆಯುತ್ತಾರೆ. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಪೂರಾ ಒಂದು ಸುತ್ತು ಅದ್ದಿ ನೋಡುವುದೂ ಅಗತ್ಯ. ನೆಗ್ಗಿಲಿನಿಂದಾದ ಪಂಕ್ಚರಿನಲ್ಲಿ ಒಂದೇ ತೂತು ಇರುವುದು ಕಡಿಮೆ. ಸಲ್ಯೂಷನ್ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಪ್ಯಾಚು ಒತ್ತಬೇಕು. ಹಸಿ ಸಲ್ಯೂಷನ್ ಮೇಲೆ ಹಾಕಿದ ಪ್ಯಾಚು ಬಿಸಿಲಿಗೆ ಏಳುತ್ತದೆ. ಒಂದೇ ಟೈರನ್ನು ಯಾವಾಗಲೂ ಅದರ ಹೆಸರಿನ ಅಚ್ಚು ವಾಲ್ವಿನ ನೇರಕ್ಕೆ ಬರುವಂತೆ ಹಾಕಿಕೊಂಡರೆ ಹುಡುಕುವ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ.

ನೆಲದ ಮೇಲಿನ ತಡೆ

ಮುಳ್ಳನ್ನು ಹಾದಿಗೆ ಬೀಳದಂತೆ ಮಾಡುವುದು ಊರಿನವರೆಲ್ಲ ಸೇರಿ ಮಾಡಬೇಕಾದ ಕೆಲಸ. ಕಂತೆಯನ್ನು ನೆಲದ ಮೇಲೆ ಎಳೆಯುವ ಬದಲು ಗಾಡಿಯಲ್ಲಿ ಹೇರಿ ಸಾಗಿಸುವುದು, ಜಂಗಲ್ ಕಡಿದ ಮೇಲೆ ಏರಿಯನ್ನು ಗುಡಿಸುವುದು, ಮಣ್ಣುದಾರಿಯ ಪಕ್ಕದ ಬೇಲಿಗೆ ತಂತಿ ಅಥವಾ ಮುಳ್ಳಿಲ್ಲದ ಗಿಡ ಹಾಕುವುದು ಇದರಲ್ಲಿ ಸೇರುತ್ತವೆ. ಈಚಿನ ವರ್ಷಗಳಲ್ಲಿ ತಂತಿಬೇಲಿ ಹೆಚ್ಚಿದಂತೆ ತೋಟದ ಸಾಲಿನ ದಾರಿಗಳಲ್ಲಿ ಒಣಮುಳ್ಳು ಕಡಿಮೆಯಾಗುತ್ತಿದೆ. ಕೆರೆಯಂಗಳದ ಜಾಲಿ ಮಾತ್ರ ಹಾಗೆಯೇ ಇದೆ.

ನೆಗ್ಗಿಲಿಗೆ ತಾಯಿಬೇರು ಒಂದೇ ಇರುವುದರಿಂದ ಹೂ ಬಿಡುವ ಮೊದಲೇ ಕಿತ್ತರೆ ಮತ್ತೆ ಚಿಗುರುವುದಿಲ್ಲ. ಶಾಲೆಯ ಅಂಗಳದಂಥ ಕಡೆ ಉದುರಿದ ಕಾಯಿಹೋಳುಗಳನ್ನು ತೆಗೆಯಲು ಒದ್ದೆ ಗೋಣಿಚೀಲ ಎಳೆದರೆ ನಾರಿಗೆ ಕಚ್ಚಿಕೊಂಡು ಬರುತ್ತವೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ ಈ ಕೆಲಸ ಒಂದು ಮಳೆಗಾಲಕ್ಕೆ ಮುಗಿಯುವುದಲ್ಲ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೆಗ್ಗಿಲು ಹೊರಗಿನಿಂದ ಬಂದ ಕಳೆ. ಅಲ್ಲಿ ಸೈಕಲ್ ಸವಾರರ ದೊಡ್ಡ ಪೀಡೆ. ಅದನ್ನು ಹತೋಟಿಗೆ ತರಲು 1961ರಲ್ಲಿ ಭಾರತ, ಫ್ರಾನ್ಸ್, ಇಟಲಿ ಮೂಲದ ಎರಡು ಜಾತಿಯ ಮೂತಿಹುಳುಗಳನ್ನು ಅಲ್ಲಿ ಬಿಡಲಾಯಿತು. ಒಂದು ಕಾಯಿಯನ್ನು, ಇನ್ನೊಂದು ಕಾಂಡವನ್ನು ಕೊರೆಯುತ್ತದೆ.

ಆಯ್ಕೆಯ ಕ್ರಮ

ಮಾಯಸಂದ್ರದ ಸೀಮೆಯಲ್ಲಿ ಬಳಕೆಗೆ ತಕ್ಕಂತೆ ರಕ್ಷೆ ಬೇರೆ ಬೇರೆ. ಡಾಂಬರು ಮತ್ತು ತೋಟದ ದಾರಿಯಲ್ಲಿ ಶಾಲೆಗೆ ಹೋಗುವ ಸೈಕಲ್ಲಿಗೆ ಸವೆಯದ ಟೈರು, ಅಚ್ಚುಕಟ್ಟಾದ ಒಳಪಟ್ಟಿ, ಹದವಾದ ಗಾಳಿ ಸಾಕು. ಹಾಲು, ಹುಲ್ಲು, ಕಾಯಿ ಹೊರುವ ಸೈಕಲ್ಲಿಗೆ ದಪ್ಪ ಟ್ಯೂಬು ಸೇರಿಸಬಹುದು. ಏರಿ, ನಾಲೆ, ಗೋಮಾಳದಲ್ಲಿ ಓಡುವ ರೇಂಜರ್ ಸೈಕಲ್ಲಿಗೆ ಟ್ಯೂಬಿನೊಳಗೆ ದ್ರವ ಬೇಕು. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನ ಕುರುಚಲಿನಲ್ಲಿ ಇಡೀ ದಿನ ಸವಾರಿ ಮಾಡುವವರಿಗೆ ದಪ್ಪ ಮೈಯ ಟ್ಯೂಬ್‌ಲೆಸ್ ಟೈರು, ಜೊತೆಗೊಂದು ಬಿಡಿ ಟ್ಯೂಬು, ಪಂಪು, ಪ್ಯಾಚು, ಚಿಮಟ.

ಯಾವ ರಕ್ಷೆಯನ್ನೂ ಬೆಲೆ ನೋಡಿ ಆರಿಸುವುದಕ್ಕಿಂತ ಮುಳ್ಳು ನೋಡಿ ಆರಿಸುವುದು ಸರಿಯಾದ ಕ್ರಮ. ಟೈರಿನಿಂದ ಕಿತ್ತ ಮುಳ್ಳನ್ನು ಎಸೆಯುವ ಮೊದಲು ಉಗುರಿನ ಪಕ್ಕ ಹಿಡಿದು ಅಳೆದರೆ ಮುಂದಿನ ದಾರಿ ತಿಳಿಯುತ್ತದೆ: ಅರ್ಧ ಉಗುರಿನಷ್ಟಿದ್ದರೆ ಟೈರಿನ ಪದರ ಹೆಚ್ಚಿಸಬೇಕು, ಉಗುರು ಮೀರಿದ್ದರೆ ದ್ರವ ಹಾಕಬೇಕು, ಬೆರಳುದ್ದವಿದ್ದರೆ ದಾರಿ ಬದಲಿಸಬೇಕು.